ಯುದ್ಧದ ಫೋಟೋ ತೆಗೆಯುವವರು ಡಾಕ್ಯುಮೆಂಟರಿ ಕಡೆ ಬರುವುದು ಹೇಗೆ? ಕಾರವಾರದಿಂದ ಒಂದು ಪ್ರಶ್ನೆ

ಕೋಡಿಬಾಗ_ಕ್ಯಾಮರಾ:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು. ಮದುವೆ, ಮುಂಜಿ, ಶಾಲೆಯ ಗ್ಯಾದರಿಂಗ್, ಇವುಗಳ ಫೋಟೋ ತೆಗೆಯುವುದೇ ಹೊಟ್ಟೆಪಾಡು. ಜೊತೆಗೆ ಒಂದು ಪತ್ರಿಕೆಯ ಜಿಲ್ಲಾ ಪುಟಕ್ಕೆ ಫೋಟೋ ಕಳಿಸುತ್ತೇನೆ. ಅದರಿಂದ ಬರುವ ದುಡ್ಡು ಪೆಟ್ರೋಲಿಗೆ ಸರಿಹೋಗುತ್ತದೆ, ಕೆಲವು ತಿಂಗಳು ಅದೂ ಇಲ್ಲ.

ಮೊನ್ನೆ '20 ಡೇಸ್ ಇನ್ ಮಾರಿಯುಪೋಲ್' ನೋಡಿದೆ, ಉಕ್ರೇನಿನ ಮಾರಿಯುಪೋಲ್ ನಗರದ ಮೇಲೆ ರಷ್ಯಾ ಮಾಡಿದ ದಾಳಿಯ ಡಾಕ್ಯುಮೆಂಟರಿ. 2024ರಲ್ಲಿ ಆಸ್ಕರ್ ಬಂತಲ್ಲ, ಅದೇ. ಮಾಡಿದವರು ಎಪಿ ಸುದ್ದಿಸಂಸ್ಥೆಯ ಮಿಸ್ತಿಸ್ಲಾವ್ ಚೆರ್ನೋವ್. ಅವರೂ ಮೊದಲು ಸ್ಟಿಲ್ ಫೋಟೋಗ್ರಾಫರ್. ಹುಡುಕುತ್ತಾ ಹೋದರೆ ಇಂಥವರು ಬಹಳ ಜನ ಇದ್ದಾರೆ, ಯುದ್ಧದಲ್ಲಿ ಫೋಟೋ ತೆಗೆದು ಹೆಸರು ಮಾಡಿ, ವಯಸ್ಸಾದ ಹಾಗೆ ಡಾಕ್ಯುಮೆಂಟರಿಗೆ ಬಂದವರು. ಒಂದೇ ಫೋಟೋದಲ್ಲಿ ಎಲ್ಲಾ ಹೇಳಿ ಅಭ್ಯಾಸ ಆದವರಿಗೆ ಒಂದೂವರೆ ಗಂಟೆಯ ಸಿನಿಮಾ ಯಾಕೆ ಬೇಕಾಗುತ್ತದೆ? ದುಡ್ಡು ಯಾರು ಕೊಡುತ್ತಾರೆ? ಮತ್ತೆ ನನ್ನಂಥವನು ಈ ದಾರಿ ಹಿಡಿಯಬೇಕು ಅಂದರೆ ಮೊದಲು ಎಲ್ಲೋ ಯುದ್ಧಕ್ಕೇ ಹೋಗಬೇಕಾ, ದಿಲ್ಲಿ ಸೇರಬೇಕಾ, ಅಥವಾ ಇದೆಲ್ಲ ಸುಮ್ನೆ ತಲೆಹರಟೆಯಾ? ನೇರವಾಗಿ ಹೇಳಿ, ಬೇಜಾರಿಲ್ಲ.

ಹೊನ್ನಾವರ_ಬಂದರು:

ಯುದ್ಧ ಹುಡುಕಿಕೊಂಡು ಹೋಗಬೇಕಾ ಮಾರಾಯ? ಮಳೆಗಾಲದಲ್ಲಿ ನಮ್ಮ ಹೈವೇ ಮೇಲೆ ಬೈಕ್ ಓಡಿಸು, ಹೆಲ್ಮೆಟ್ಟಿಗೆ ಕ್ಯಾಮರಾ ಕಟ್ಟಿಕೋ, ಆಸ್ಕರ್ ಗ್ಯಾರಂಟಿ.

ಬನವಾಸಿ_ರೋಡ್:

ತಮಾ, ನಾನು ಸಿರ್ಸಿಯವನು, ಬೆಂಗಳೂರಿನಲ್ಲಿ ಎಡಿಟಿಂಗ್ ಕೆಲಸ. ಜಾಸ್ತಿ ಕಂಪನಿ ವಿಡಿಯೋಗಳು, ನಡುನಡುವೆ ಡಾಕ್ಯುಮೆಂಟರಿ. ಕ್ಯಾಮರಾ ಹಿಡಿದವರ ಬಗ್ಗೆ ಎಡಿಟರ್‌ಗಳ ಮಾತು ಯಾವಾಗಲೂ ಸ್ವಲ್ಪ ಕಹಿ, ಹೊಟ್ಟೆಗೆ ಹಾಕಿಕೊಂಡು ಓದು.

ವಯಸ್ಸಾದ ಮೇಲೆ ಬರುತ್ತಾರೆ ಅನ್ನುವುದು ನಿಜವಲ್ಲ. ಬ್ರಿಟನ್ನಿನ ಟಿಮ್ ಹೆದರಿಂಗ್ಟನ್ ವಿಷಯ ತಗೋ. 2003ರಲ್ಲಿ ಲೈಬೀರಿಯಾದ ಅಂತರ್ಯುದ್ಧದಲ್ಲಿ ಬಂಡುಕೋರರ ಜೊತೆ ಓಡಾಡುವಾಗಲೇ ಅವರ ಕೈಯಲ್ಲಿ ಸ್ಟಿಲ್ಲೂ ಇತ್ತು, ವಿಡಿಯೋನೂ ಇತ್ತು. ಆಗಿನ್ನೂ ಮೂವತ್ತು ದಾಟಿದ ಹುಡುಗ. ಯುದ್ಧ ಮುಗಿಯಿತು ಅಂತ ಗಂಟುಮೂಟೆ ಕಟ್ಟಲಿಲ್ಲ, ಪಶ್ಚಿಮ ಆಫ್ರಿಕಾದಲ್ಲೇ ವರ್ಷಗಟ್ಟಲೆ ಉಳಿದರು. ಆಮೇಲೆ 2007ರಲ್ಲಿ ಪತ್ರಕರ್ತ ಸೆಬಾಸ್ಟಿಯನ್ ಯುಂಗರ್ ಜೊತೆ ಅಫ್ಘಾನಿಸ್ತಾನದ ಕೊರೆಂಗಲ್ ಕಣಿವೆಗೆ ಹೋದರು. ಬಂಕರಿಗೆ ಒರಗಿಕೊಂಡು ಹಣೆಗೆ ಕೈ ಒತ್ತಿಕೊಂಡ, ಪೂರ್ತಿ ಸೋತುಹೋದ ಒಬ್ಬ ಅಮೆರಿಕನ್ ಸೈನಿಕನ ಫೋಟೋ ಇದೆಯಲ್ಲ, ಅದು ಅಲ್ಲಿಯದೇ. ಅದಕ್ಕೆ ಆ ವರ್ಷದ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಬಂತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವರಿಬ್ಬರೂ ಆ ಒಂದೇ ತುಕಡಿಯ ಬಳಿಗೆ ಮತ್ತೆ ಮತ್ತೆ ಹೋದರು. ಹೆದರಿಂಗ್ಟನ್ ಅಲ್ಲೇ ಕಾಲು ಮುರಿದುಕೊಂಡರು, ಆದರೂ ಹೋದರು. ಅದರಿಂದ ಬಂದದ್ದು 2010ರ 'ರೆಸ್ಟ್ರೆಪೋ', ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಬಹುಮಾನ ಸಿಕ್ಕಿತು, ಆಸ್ಕರ್ ಅಂತಿಮ ಪಟ್ಟಿಗೂ ಹೋಯಿತು. ಎಡಿಟರ್ ಆಗಿ ನನಗೆ ಆ ಸಿನಿಮಾದಲ್ಲಿ ಜಾಸ್ತಿ ಇಷ್ಟವಾಗುವುದು ಗುಂಡಿನ ಚಕಮಕಿಯಲ್ಲ. ಹುಡುಗರು ಕಣಿವೆಯಿಂದ ಇಟಲಿಯ ತಮ್ಮ ನೆಲೆಗೆ ವಾಪಸ್ ಬಂದ ಮೇಲೆ ಕಪ್ಪು ಪರದೆಯ ಮುಂದೆ ಕೂರಿಸಿ ಮಾತಾಡಿಸಿದ್ದಾರೆ, ಬರೀ ಮುಖ ಕಾಣುತ್ತದೆ. ಒಬ್ಬ ಮಾತಾಡುತ್ತಾ ಆಡುತ್ತಾ ನಿಂತುಬಿಡುತ್ತಾನೆ, ಇನ್ನೊಬ್ಬ ನಗುವ ಜಾಗವಲ್ಲದ ಕಡೆ ನಗುತ್ತಾನೆ. ವ್ಯಾಖ್ಯಾನಕಾರನ ದನಿ ಇಲ್ಲ, ಜನರಲ್‌ಗಳಿಲ್ಲ, ತಜ್ಞರಿಲ್ಲ. ಆ ಮುಖಗಳನ್ನು ತೆಗೆದುಬಿಟ್ಟರೆ ಉಳಿಯುವುದು ನ್ಯೂಸ್ ಚಾನಲ್ಲಿನ ಫೂಟೇಜ್, ಅಷ್ಟೇ.

ನೀನು ಕೇಳಿದ "ಯಾಕೆ ಬೇಕು" ಅನ್ನುವುದಕ್ಕೆ ಮಾರಿಯುಪೋಲ್‌ನಲ್ಲೇ ಉತ್ತರ ಇದೆ. 2022ರ ಮಾರ್ಚ್ 9ಕ್ಕೆ ಹೆರಿಗೆ ಆಸ್ಪತ್ರೆಯ ಮೇಲೆ ಬಾಂಬ್ ಬಿತ್ತು. ಸ್ಟ್ರೆಚರ್ ಮೇಲೆ ಬಸುರಿಯನ್ನು ಹೊತ್ತೊಯ್ಯುವ ಫೋಟೋ ತೆಗೆದವರು ಚೆರ್ನೋವ್ ಅಲ್ಲ, ಜೊತೆಯಲ್ಲಿದ್ದ ಯೆವ್ಗೆನಿ ಮಾಲೊಲೆಟ್ಕಾ. ಆ ಫೋಟೋಗೂ ವರ್ಲ್ಡ್ ಪ್ರೆಸ್ ಪ್ರಶಸ್ತಿ ಬಂತು. ಅದೇ ಜಾಗ, ಅದೇ ಹೊತ್ತು, ಪಕ್ಕದಲ್ಲೇ ಚೆರ್ನೋವ್ ವಿಡಿಯೋ ಮಾಡುತ್ತಿದ್ದರು. ಇದೆಲ್ಲ ನಾಟಕ, ಆಕೆ ನಟಿ ಅಂತ ರಷ್ಯಾ ಕಡೆಯವರು ಹೇಳಿದರು. ಆಗ ಈ ತಂಡ ಗಾಯಾಳುಗಳನ್ನು ಸೇರಿಸಿದ್ದ ಇನ್ನೊಂದು ಆಸ್ಪತ್ರೆಗೆ ಹೋಗಿ ವಿಚಾರಿಸಿತು. ಆ ಹೆಂಗಸೂ ಸತ್ತಿದ್ದಳು, ಮಗುವೂ ಸತ್ತಿತ್ತು. ಫೋಟೋ ಒಂದು ಕ್ಷಣಕ್ಕೆ ಸಾಕ್ಷಿ. ಆ ಕ್ಷಣವೇ ಸುಳ್ಳು ಅಂತ ಯಾರಾದರೂ ಎದ್ದು ನಿಂತರೆ ಹಿಂದೆ ಮುಂದೆ ಏನಾಯಿತು ಅಂತ ತೋರಿಸಬೇಕಾಗುತ್ತದೆ. ಅಲ್ಲಿಗೆ ಸಿನಿಮಾ ಬೇಕಾಯಿತು.

ಇನ್ನೊಂದು ಕಾರಣ ಇಷ್ಟು ಘನವಾದದ್ದಲ್ಲ. ಪತ್ರಿಕೆಗಳಲ್ಲಿ ಫೋಟೋ ಪುಟಗಳು ಕಮ್ಮಿಯಾದವು. ವಿಯೆಟ್ನಾಂ ಯುದ್ಧ ತೆಗೆದಿದ್ದ ಡರ್ಕ್ ಹಾಲ್‌ಸ್ಟೆಡ್ ಇದನ್ನು ಬೇಗ ಕಂಡುಕೊಂಡು 90ರ ದಶಕದ ಕೊನೆಗೇ ಸ್ಟಿಲ್ ಫೋಟೋಗ್ರಾಫರ್‌ಗಳಿಗೆ ವಿಡಿಯೋ ಕಲಿಸುವ ಶಿಬಿರ ಶುರು ಮಾಡಿದರು. ಆಮೇಲೆ 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂತು, ಫೋಟೋ ಕ್ಯಾಮರಾದಲ್ಲೇ ಸಿನಿಮಾದಂಥ ವಿಡಿಯೋ. ಮರುವರ್ಷವೇ ಡ್ಯಾನ್‌ಫಂಗ್ ಡೆನ್ನಿಸ್ ಅನ್ನುವ ಫೋಟೋಗ್ರಾಫರ್ ಅದನ್ನು ಹಿಡಿದು ಅಫ್ಘಾನಿಸ್ತಾನದ ಹೆಲ್ಮಂಡ್‌ಗೆ ಹೋದರು. ಅವರ 'ಹೆಲ್ ಅಂಡ್ ಬ್ಯಾಕ್ ಅಗೇನ್' ನೋಡು. ಗುಂಡೇಟು ತಿಂದ ಒಬ್ಬ ಸಾರ್ಜೆಂಟ್ ಮನೆಗೆ ಬಂದು ಹೆಂಡತಿ ಜೊತೆ ಕಾರಿನಲ್ಲಿ ಅಂಗಡಿಗೆ ಹೋಗುವುದು, ನೋವಿನ ಮಾತ್ರೆ ನುಂಗುವುದು, ಇದೇ ಅರ್ಧ ಸಿನಿಮಾ.

ದುಡ್ಡಿನ ಮಾತು: ಚೆರ್ನೋವ್‌ಗೆ ಬೆನ್ನಿಗೆ ಎಪಿ ಇತ್ತು, ಸಿನಿಮಾ ಮಾಡುವಾಗ ಅಮೆರಿಕದ ಪಿಬಿಎಸ್ ಟಿವಿಯ ಫ್ರಂಟ್‌ಲೈನ್ ಕಾರ್ಯಕ್ರಮದವರು ಕೈಜೋಡಿಸಿದರು. ಫ್ರೀಲಾನ್ಸರ್‌ಗೆ ಯಾರೂ ಇಲ್ಲ. ಹೆದರಿಂಗ್ಟನ್ 2011ರ ಏಪ್ರಿಲ್ 20ಕ್ಕೆ ಲಿಬಿಯಾದ ಮಿಸ್ರಾತಾದಲ್ಲಿ ಮಾರ್ಟರ್ ದಾಳಿಯಲ್ಲಿ ಸತ್ತರು, ಜೊತೆಗೆ ಕ್ರಿಸ್ ಹಾಂಡ್ರೋಸ್ ಅನ್ನುವ ಇನ್ನೊಬ್ಬ ಫೋಟೋಗ್ರಾಫರ್ ಕೂಡ. ಹೆದರಿಂಗ್ಟನ್‌ಗೆ ಆಗಿದ್ದು ತೊಡೆಸಂದಿನ ಗಾಯ, ರಕ್ತ ಸುರಿದೇ ಹೋಯಿತು. ಸುತ್ತ ಇದ್ದವರಿಗೆ ರಕ್ತ ನಿಲ್ಲಿಸುವುದು ಗೊತ್ತಿರಲಿಲ್ಲ. ಯುಂಗರ್ ಆಮೇಲೆ ಯುದ್ಧಕ್ಕೆ ಹೋಗುವ ಫ್ರೀಲಾನ್ಸರ್‌ಗಳಿಗೆ ಪ್ರಥಮ ಚಿಕಿತ್ಸೆ ಕಲಿಸುವ 'ರಿಸ್ಕ್' ಅನ್ನುವ ಸಂಸ್ಥೆ ಕಟ್ಟಿದರು. ನೀನು ಎಲ್ಲಿಗೇ ಹೋಗು, ಲೆನ್ಸ್ ಕೊಳ್ಳುವ ಮೊದಲು ಅದನ್ನು ಕಲಿ. ಹೈವೇ ಮೇಲಿನ ಅಪಘಾತಕ್ಕೂ ಬೇಕಾಗುತ್ತದೆ.

ಬಿಣಗಾ_ಮಾಜಿ:

ನಾನು ನೌಕಾಪಡೆಯಿಂದ ನಿವೃತ್ತನಾದವನು, ಈಗ ಕಾರವಾರದಲ್ಲೇ ಇದ್ದೇನೆ. ಮೇಲಿನವರು ಬರೆದಿದ್ದು ಚೆನ್ನಾಗಿದೆ. ಆದರೆ ಅಮೆರಿಕದ ಸೇನೆ ಪತ್ರಕರ್ತರನ್ನು ತುಕಡಿ ಜೊತೆ ತಿಂಗಳುಗಟ್ಟಲೆ ಇಟ್ಟುಕೊಂಡ ಹಾಗೆ ನಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ. ನಮ್ಮ ರಕ್ಷಣಾ ಸಚಿವಾಲಯ ಪತ್ರಕರ್ತರಿಗೆ ಡಿಫೆನ್ಸ್ ಕರೆಸ್ಪಾಂಡೆಂಟ್ಸ್ ಕೋರ್ಸ್ ನಡೆಸುತ್ತದೆ. ಭೂಸೇನೆ, ನೌಕಾಪಡೆ, ವಾಯುಪಡೆ ಮೂರನ್ನೂ ಹತ್ತಿರದಿಂದ ತೋರಿಸುತ್ತಾರೆ. ಯಾವುದಾದರೂ ಮಾಧ್ಯಮ ಸಂಸ್ಥೆಯಲ್ಲಿದ್ದರೆ ಪ್ರಯತ್ನ ಮಾಡು.

ಹಾಗೆಯೇ ಕೇಳು. ಅಭ್ಯಾಸಕ್ಕೆ ಅಂತ ಅರ್ಗಾದ ನೌಕಾ ನೆಲೆ ಕಡೆ ಕ್ಯಾಮರಾ ತಿರುಗಿಸಬೇಡ, ಡ್ರೋನ್ ಅಂತೂ ಬೇಡವೇ ಬೇಡ. 2025ರ ಫೆಬ್ರವರಿಯಲ್ಲಿ ನೆಲೆಯ ಮಾಹಿತಿ ಹೊರಗೆ ಕೊಟ್ಟ ಆರೋಪದ ಮೇಲೆ ಎನ್‌ಐಎ ನಮ್ಮ ಜಿಲ್ಲೆಯ ಇಬ್ಬರನ್ನು ಹಿಡಿದುಕೊಂಡು ಹೋಯಿತು. ನೀನು ಕಲೆಗಾಗಿ ತೆಗೆದೆ ಅಂದರೆ ಯಾರೂ ಕೇಳುವುದಿಲ್ಲ. ಟಾಗೋರ್ ಬೀಚಿನಲ್ಲಿ ಚಪಲ್ ಹಡಗಿನ ಮ್ಯೂಸಿಯಂ ಇದೆ, ಅಲ್ಲಿ ಬೇಕಾದಷ್ಟು ತೆಗೆದುಕೋ.

ನಮ್ಮವರ ಉದಾಹರಣೆ ಯಾರೂ ಕೊಡಲಿಲ್ಲ. 1971ರ ಬಾಂಗ್ಲಾ ಯುದ್ಧಕ್ಕೆ ಕಿಶೋರ್ ಪಾರೇಖ್ ಯಾವ ಪತ್ರಿಕೆಯೂ ಕಳಿಸದೆ ತಾವಾಗೇ ಹೋದರು. ರಘು ರಾಯ್ ನಿರಾಶ್ರಿತರನ್ನು ತೆಗೆದರು. ಡ್ಯಾನಿಶ್ ಸಿದ್ದಿಕಿ ಉಲ್ಟಾ ದಾರಿ ಹಿಡಿದವರು, ಟಿವಿ ವರದಿಗಾರಿಕೆ ಬಿಟ್ಟು ಸ್ಟಿಲ್ ಫೋಟೋಗೆ ಬಂದರು. ರೋಹಿಂಗ್ಯಾ ನಿರಾಶ್ರಿತರ ಫೋಟೋಗಳಿಗೆ 2018ರಲ್ಲಿ ರಾಯಿಟರ್ಸ್ ತಂಡಕ್ಕೆ ಪುಲಿಟ್ಜರ್ ಬಂದಾಗ ಅದರಲ್ಲಿ ಅವರೂ ಇದ್ದರು. 2021ರ ಜುಲೈನಲ್ಲಿ ಅಫ್ಘಾನಿಸ್ತಾನದ ಕಂದಹಾರದ ಸ್ಪಿನ್ ಬೋಲ್ಡಾಕ್‌ನಲ್ಲಿ ತೀರಿಕೊಂಡರು, ನಲವತ್ತೂ ಆಗಿರಲಿಲ್ಲ. ನಿನ್ನ ಮನೆಯಲ್ಲಿ ಅಪ್ಪ ಅಮ್ಮ ಇರಬೇಕಲ್ಲ, ಅವರ ಹತ್ತಿರ ಮಾತಾಡಿ ಆಮೇಲೆ ಯುದ್ಧದ ಮಾತಾಡು.

ಗಂಗಾವಳಿ_ದಂಡೆ:

ನಾನು ಅಂಕೋಲೆ ಕಡೆಯವಳು. ಸಿನಿಮಾ ಮಾಡುವವಳಲ್ಲ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೊರಗಿನಿಂದ ಬಂದ ಕೆಲವು ತಂಡಗಳಿಗೆ ದಾರಿ ತೋರಿಸಿ, ಮಾತು ದಾಟಿಸಿ ಸಹಾಯ ಮಾಡಿದ್ದೆ. ಇದಕ್ಕೆ ಫಿಕ್ಸರ್ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಕ್ಯಾಮರಾದ ಈ ಬದಿಯಿಂದ ಒಂದಿಷ್ಟು ಹೇಳುತ್ತೇನೆ.

ಕೇರಳದ ಲಾರಿ ಡ್ರೈವರ್ ಒಬ್ಬರು ನಾಪತ್ತೆಯಾಗಿದ್ದರಲ್ಲ, ಇಡೀ ದೇಶ ಆ ಲಾರಿಯನ್ನೇ ನೋಡುತ್ತಿತ್ತು. ನೋಡಲಿ, ಆ ಮನೆಯವರ ಸಂಕಟವೂ ಸಂಕಟವೇ. ಆದರೆ ಅದೇ ಮಣ್ಣಿನಲ್ಲಿ ರಸ್ತೆ ಬದಿ ಚಹಾ ಅಂಗಡಿ ಇಟ್ಟಿದ್ದ ಇಡೀ ಸಂಸಾರ ಹೋಯಿತು. ಗುಡ್ಡ ಬಿದ್ದ ರಭಸಕ್ಕೆ ಗಂಗಾವಳಿ ಎದುರು ದಡಕ್ಕೆ ನುಗ್ಗಿ ಉಳುವರೆಯಲ್ಲಿ ಮನೆಗಳೇ ಕೊಚ್ಚಿಹೋದವು. ಆ ದಡಕ್ಕೆ ಎಷ್ಟು ಕ್ಯಾಮರಾ ಬಂದವು ಅಂತ ಅಲ್ಲಿಯವರನ್ನೇ ಕೇಳಿ. ಒಂದು ಚಾನಲ್ಲಿನವರು, ಯಾವುದು ಅಂತ ಹೇಳುವುದಿಲ್ಲ, ಮಗನನ್ನು ಹುಡುಕುತ್ತಿದ್ದ ಒಬ್ಬ ತಾಯಿಗೆ "ಸ್ವಲ್ಪ ಹಿಂದಕ್ಕೆ ಹೋಗಿ ಇನ್ನೊಮ್ಮೆ ನಡೆದುಕೊಂಡು ಬನ್ನಿ" ಅಂದರು. ಅವರು ಹೋದರು. ಅದೇ ನನಗೆ ಇವತ್ತಿಗೂ ಸಿಟ್ಟು. ಅವರಿಗೆ "ಆಗುವುದಿಲ್ಲ" ಅನ್ನಬಹುದು ಅಂತಲೇ ಹೊಳೆಯಲಿಲ್ಲ. ಕ್ಯಾಮರಾದವರು ಹೇಳಿದ ಹಾಗೆ ಮಾಡಿದರೆ ಮಗ ಬೇಗ ಸಿಗಬಹುದು ಅಂತ ಅಂದುಕೊಂಡರು.

ಸೆಪ್ಟೆಂಬರ್ 25ಕ್ಕೆ ಲಾರಿ ಸಿಕ್ಕಿತು. ಅಲ್ಲಿಗೆ ಎಲ್ಲರೂ ಹೊರಟರು. ಬನವಾಸಿ ರೋಡ್ ಅಣ್ಣ ಹೇಳಿದರಲ್ಲ, ಇಟಲಿಗೆ ವಾಪಸ್ ಬಂದ ಮೇಲೆ ಮಾತಾಡಿಸಿದರು ಅಂತ, ನಮ್ಮಲ್ಲಿ ಆ ಕೆಲಸ ಯಾರೂ ಮಾಡಲಿಲ್ಲ. ಪರಿಹಾರದ ಕಾಗದ ಹಿಡಿದು ಯಾವ ಕಚೇರಿಗೆ ಹೋದರು, ಮರುವರ್ಷ ಮಳೆ ಶುರುವಾದಾಗ ರಾತ್ರಿ ಹೇಗೆ ಮಲಗಿದರು, ಗುಡ್ಡ ಕಡಿದ ರಸ್ತೆಯ ಮೇಲೆ ಮಕ್ಕಳನ್ನು ಶಾಲೆ ಬಸ್ಸಿಗೆ ಹತ್ತಿಸುವಾಗ ಏನನ್ನಿಸಿತು. ಇದಕ್ಕೆ ಬ್ರೇಕಿಂಗ್ ನ್ಯೂಸ್ ಇಲ್ಲ.

ಕೋಡಿಬಾಗದ ಅಣ್ಣ, ನೀವೂ ಆಗ ಶಿರೂರಿಗೆ ಬಂದಿರಬಹುದು. ಬಂದಿದ್ದರೆ ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ ಇರುವ ಫೋಟೋದಲ್ಲಿ ಯಾರಿದ್ದಾರೆ, ಅವರ ಮನೆ ಎಲ್ಲಿ ಅಂತ ಗೊತ್ತಾ? ಚುಚ್ಚುವುದಕ್ಕೆ ಕೇಳುತ್ತಿಲ್ಲ. ಯುದ್ಧಕ್ಕೆ ಹೋಗಬೇಕಾ ಅಂತ ಕೇಳಿದಿರಲ್ಲ, ಅದಕ್ಕೆ ಕೇಳಿದೆ. ಆ ಚೆರ್ನೋವ್ ಯುದ್ಧ ಹುಡುಕಿಕೊಂಡು ಹೋದವರಾ? ಅವರ ಊರು ಯಾವುದು?

ಬನವಾಸಿ_ರೋಡ್:

ಖಾರ್ಕಿವ್. ಪೂರ್ವ ಉಕ್ರೇನ್, ರಷ್ಯಾ ಗಡಿಗೆ ಹತ್ತಿರ. ಸಿರಿಯಾ, ಇರಾಕ್ ಎಲ್ಲ ಸುತ್ತಿ ಬಂದಿದ್ದರು. 2014ರಿಂದ ಡಾನ್ಬಾಸ್ ಹೊತ್ತಿ ಉರಿಯುತ್ತಿತ್ತು, ಅಲ್ಲೂ ಕೆಲಸ ಮಾಡಿದ್ದರು. 2022ರ ಫೆಬ್ರವರಿ 24ಕ್ಕೆ ದಾಳಿ ಶುರುವಾಗುವುದಕ್ಕೆ ಗಂಟೆ ಮುಂಚೆ ಮಾರಿಯುಪೋಲ್ ತಲುಪಿದರು. ಬೇರೆ ವಿದೇಶಿ ಮಾಧ್ಯಮದವರು ಹೊರಟ ಮೇಲೂ ಉಳಿದರು. ಭಾಷೆ ಗೊತ್ತು, ರಸ್ತೆ ಗೊತ್ತು, ಡಾಕ್ಟರ್ ಬೈದರೆ ಯಾಕೆ ಬೈದರು ಅಂತ ಅರ್ಥವಾಗುತ್ತದೆ. ಅಕ್ಕ, ನೀವು ಕೇಳಿದ್ದು ಸರಿಯಾಗೇ ಇದೆ. ಆಸ್ಕರ್ ವೇದಿಕೆ ಮೇಲೆ ನಿಂತು ಈ ಸಿನಿಮಾ ಮಾಡುವ ಪರಿಸ್ಥಿತಿಯೇ ಬರಬಾರದಿತ್ತು ಅಂದ ಮನುಷ್ಯ ಅವರು.

ಸಿನಿಮಾದಲ್ಲಿ ಒಂದು ಕಡೆ ಗಮನಿಸಿದಿರಾ, ಕೆಲವರು ಕ್ಯಾಮರಾ ನೋಡಿ ಉಗಿಯುತ್ತಾರೆ, "ತೆಗೆಯಬೇಡ ಹೋಗು" ಅನ್ನುತ್ತಾರೆ. ಅದನ್ನು ಕತ್ತರಿಸದೆ ಇಟ್ಟಿದ್ದಾರೆ. ಸ್ಟಿಲ್ ಫೋಟೋದಲ್ಲಿ ಅದನ್ನು ಮುಚ್ಚಿಡಬಹುದು, ಬೈಗುಳ ಫೋಟೋದಲ್ಲಿ ಕೇಳಿಸುವುದಿಲ್ಲವಲ್ಲ.

ಕೋಡಿಬಾಗ_ಕ್ಯಾಮರಾ:

ಅಕ್ಕ, ಶಿರೂರಿಗೆ ಬಂದಿದ್ದೆ. ಫೋಟೋದಲ್ಲಿರುವ ಕೆಲವರ ಹೆಸರು ಗೊತ್ತು, ಎಲ್ಲರದ್ದು ಗೊತ್ತಿಲ್ಲ. ಕ್ಯಾಪ್ಷನ್ನಿಗೆ ಬೇಕಾದಷ್ಟು ಕೇಳಿದ್ದು ಅಷ್ಟೇ. ಆ ಮನೆಗಳಿಗೆ ಹೋಗುವುದಾದರೆ ನಿಮ್ಮನ್ನು ಕೇಳಿಯೇ ಹೋಗುತ್ತೇನೆ.

ಇದೆಲ್ಲ ಓದುವಾಗ ಇನ್ನೊಂದು ತಲೆಗೆ ಬಂತು. ನಮ್ಮ ಆಯಿಯ ತವರುಮನೆ ಸೀಬರ್ಡ್‌ಗೆ, ಅಂದರೆ ಇಲ್ಲಿಯ ನೌಕಾ ನೆಲೆಯ ಯೋಜನೆಗೆ, ಹೋಯಿತು. 1986ರಲ್ಲಿ ರಾಜೀವ್ ಗಾಂಧಿ ಬಂದು ಅಡಿಗಲ್ಲು ಹಾಕಿದ್ದನ್ನು ಅಜ್ಜ ದಿನಾ ಹೇಳುತ್ತಿದ್ದರು. ಕದಂಬ ನೆಲೆ ಶುರುವಾಗಿದ್ದು 2005ಕ್ಕೆ. ಗದ್ದೆ, ತೆಂಗು, ಬಲೆ ಒಣಗಿಸುವ ದಂಡೆ ಎಲ್ಲ ಬಿಟ್ಟು ತೋಡೂರಿನ ಕಾಲೋನಿಗೆ ಬಂದವರು, ಆಮೇಲೆ ಜಾಸ್ತಿ ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟು ಅಲೆದರು. ಈಗಲೂ ನಮ್ಮ ಕಡೆ ಅವರನ್ನು ಕರೆಯುವುದು ಸೀಬರ್ಡ್ ನಿರಾಶ್ರಿತರು ಅಂತಲೇ. ಇದು ಯುದ್ಧವಲ್ಲ, ಆದರೆ ಯುದ್ಧದ ತಯಾರಿಗೆ ಊರು ಬಿಟ್ಟುಕೊಟ್ಟವರ ಕಥೆ ಅಲ್ವಾ? ಇದನ್ನು ಮಾಡಬಹುದಾ? ಮಾಜಿ ಸರ್, ನಿಮಗೆ ಸಿಟ್ಟು ಬರುತ್ತದಾ?

ಬಿಣಗಾ_ಮಾಜಿ:

ಸಿಟ್ಟು ಯಾಕಪ್ಪ? ನೆಲೆ ಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಮುಂಬೈ ಬಂದರಿನ ಗದ್ದಲದಲ್ಲಿ ಹಡಗು ನಿಲ್ಲಿಸಿ ನೋಡಿದವರಿಗೆ ಅದು ಗೊತ್ತು. ಜನರಿಗೆ ಕೊಡಬೇಕಾದ್ದನ್ನು ಸರಿಯಾದ ಹೊತ್ತಿಗೆ ಕೊಡಲಿಲ್ಲ ಅನ್ನುವುದೂ ನಿಜ. ಎರಡನ್ನೂ ಹಾಕು. ಬರೀ ಅಳುವವರನ್ನು ತೋರಿಸಿ ನಮ್ಮನ್ನು ರಾಕ್ಷಸರನ್ನಾಗಿ ಮಾಡಿದರೆ ನಾನೇ ಇಲ್ಲಿ ಬಂದು ಬೈಯುತ್ತೇನೆ. ಆ ಕಾಲೋನಿಯ ಎಷ್ಟೋ ಹುಡುಗರು ನೆಲೆಯೊಳಗೆ ಕಾಂಟ್ರಾಕ್ಟ್ ಕೆಲಸ ಮಾಡುತ್ತಾರೆ, ಅವರನ್ನು ಮಾತಾಡಿಸು. ಕ್ಯಾಮರಾ ಗೇಟಿನ ಈಚೆ ಇರಲಿ.

ಗಂಗಾವಳಿ_ದಂಡೆ:

ಮಾಡಿ. ನಿಮ್ಮ ಆಯಿಯಿಂದಲೇ ಶುರು ಮಾಡಬೇಡಿ ಮಾತ್ರ, ಮನೆಯವರು ನಾವು ಕೇಳಬೇಕು ಅಂದುಕೊಂಡಿದ್ದನ್ನೇ ಹೇಳುತ್ತಾರೆ. ಕಾಲೋನಿಯ ಬೇರೆ ಹೆಂಗಸರ ಹತ್ತಿರ ಹೋಗಿ. ಗಂಡಸರನ್ನು ಕೇಳಿದರೆ ಎಕರೆ, ಗುಂಟೆ, ಕೇಸ್ ನಂಬರ್ ಹೇಳುತ್ತಾರೆ. ಹೆಂಗಸರು ಬಾವಿ ಎಲ್ಲಿತ್ತು, ಯಾರ ಮನೆ ಪಕ್ಕ ಯಾರ ಮನೆ ಇತ್ತು ಅಂತ ಹೇಳುತ್ತಾರೆ. ಮೀನು ಮಾರುವವರಿಗೆ ಮಧ್ಯಾಹ್ನ ಮೇಲೆ ಪುರುಸೊತ್ತು, ಬೆಳಿಗ್ಗೆ ಹೋಗಿ ತೊಂದರೆ ಕೊಡಬೇಡಿ.

ಬನವಾಸಿ_ರೋಡ್:

ಧಾರಾಳವಾಗಿ ಮಾಡು. ಫ್ರಾನ್ಸಿನಲ್ಲಿ ರೇಮಂ ದೆಪಾರ್ದೋಂ ಅಂತ ಇದ್ದಾರೆ. 1966ರಲ್ಲಿ ಗಾಮಾ ಫೋಟೋ ಏಜೆನ್ಸಿ ಕಟ್ಟಿದವರಲ್ಲಿ ಒಬ್ಬರು, ಅಲ್ಜೀರಿಯಾ, ಚಾಡ್ ಎಲ್ಲ ತೆಗೆದವರು. ಆಮೇಲೆ ಅವರು ಸಿನಿಮಾ ಮಾಡಿದ್ದು ಕೋರ್ಟಿನ ಬಗ್ಗೆ, ಮಾನಸಿಕ ಆಸ್ಪತ್ರೆಯ ಬಗ್ಗೆ, ಬೆಟ್ಟದ ಮೇಲಿನ ವಯಸ್ಸಾದ ರೈತರ ಬಗ್ಗೆ. ಕ್ಯಾಮರಾ ಒಂದು ಕಡೆ ಇಟ್ಟು ಜನರನ್ನು ಮಾತಾಡಲು ಬಿಡುತ್ತಾರೆ. ನಿನ್ನ ತೋಡೂರಿಗೆ ಯುದ್ಧದ ಸಿನಿಮಾಗಳಿಗಿಂತ ಅವರ ಕೆಲಸ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಈಗ ಕೆಲಸದ ಮಾತು. ನಿನ್ನ ಕ್ಯಾಮರಾ ಸಾಕು, ಹೊಸದು ಬೇಡ. ಸ್ಟಿಲ್‌ನಿಂದ ಬಂದವರ ಫೂಟೇಜ್ ನನ್ನ ಟೇಬಲ್ಲಿಗೆ ಬಂದಾಗ ಯಾವಾಗಲೂ ಎರಡೇ ತೊಂದರೆ. ಒಂದು, ಧ್ವನಿ ಹಾಳು, ಕ್ಯಾಮರಾ ಮೈಕನ್ನೇ ನಂಬಿರುತ್ತಾರೆ, ಕರಾವಳಿಯ ಗಾಳಿಗೆ ಬರೀ ಬುಸ್ ಬುಸ್. ಇನ್ನೊಂದು, ಒಳ್ಳೆ ಫ್ರೇಮ್ ಸಿಕ್ಕಿತು ಅಂದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಿ ಮುಂದಿನ ಫ್ರೇಮಿಗೆ ಓಡುತ್ತಾರೆ. ಮನುಷ್ಯ ಮಾತು ಮುಗಿಸಿ ಸುಮ್ಮನಾದ ಮೇಲೂ ಓಡಲಿ ಬಿಡು, ಆಗಲೇ ಅವನು ನಿಜವಾದ ಮಾತು ಹೇಳುವುದು. ಒಪ್ಪಿಗೆಯನ್ನು ಕಾಗದದ ಮೇಲೆ ತಗೋ, ಕನ್ನಡದಲ್ಲೋ ಕೊಂಕಣಿಯಲ್ಲೋ ಓದಿ ಹೇಳಿ. ಆಮೇಲೆ ಬೇಡ ಅಂದರೆ ತೆಗೆಯುತ್ತೇನೆ ಅಂತಲೂ ಅದರಲ್ಲೇ ಬರೆ. ಅಕ್ಕ ಹೇಳಿದ ತಾಯಿಗೆ ಸಿಗದೇ ಹೋದದ್ದು ಅದೇ.

ದುಡ್ಡಿಗೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದ ಆರ್ಟ್ಸ್ ಇದೆ, ಅರ್ಜಿ ಕರೆದಾಗ ಹಾಕು. ಕೊಲ್ಕತ್ತಾದಲ್ಲಿ ಡಾಕ್‌ಎಡ್ಜ್ ಅನ್ನುವ ಕಡೆ ಸಿನಿಮಾ ಇನ್ನೂ ಮುಗಿಯದವರು ತಮ್ಮ ಕಥೆಯನ್ನು ದುಡ್ಡು ಹಾಕುವವರ ಮುಂದೆ ಹೇಳಬಹುದು. ತೋರಿಸಲು ಮುಂಬೈನ ಮಿಫ್ ಚಿತ್ರೋತ್ಸವ, ತಿರುವನಂತಪುರದ ಡಾಕ್ಯುಮೆಂಟರಿ ಉತ್ಸವ. ಸಾರ್ವಜನಿಕವಾಗಿ ಥಿಯೇಟರಿನಲ್ಲಿ ಹಾಕುವುದಾದರೆ ಡಾಕ್ಯುಮೆಂಟರಿಗೂ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ನಿನ್ನ ವಿಷಯಕ್ಕೆ ಅದು ಸ್ವಲ್ಪ ಎಳೆದಾಡುತ್ತದೆ, ಈಗಲೇ ತಲೆ ಕೆಡಿಸಿಕೊಳ್ಳಬೇಡ. ಮದುವೆ ಸೀಸನ್ ಮಾತ್ರ ಬಿಡಬೇಡ. ಎರಡು ಮೂರು ವರ್ಷ ಇದಕ್ಕೆ ಹಿಡಿಯುತ್ತದೆ, ಅಷ್ಟು ದಿನ ಅಕ್ಕಿ ತರುವುದು ಮದುವೆಗಳೇ.

ಹೊನ್ನಾವರ_ಬಂದರು:

ಮೊದಲಿಗೆ ತಮಾಷೆ ಮಾಡಿದೆ, ಈಗ ಸೀರಿಯಸ್ಸಾಗಿ ಹೇಳುತ್ತೇನೆ. ನಮ್ಮ ಕಾಸರಕೋಡ ಟೊಂಕದಲ್ಲೂ ಬಂದರಿನ ವಿಷಯಕ್ಕೆ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ತೋಡೂರಿನವರ ಕಥೆ ನೋಡಬೇಕಾದವರು ಮೊದಲು ನಮ್ಮವರೇ. ಸಿನಿಮಾ ಮುಗಿದ ಮೇಲೆ ಇಲ್ಲಿ ತೋರಿಸುವ ವ್ಯವಸ್ಥೆ ನಾನು ಮಾಡುತ್ತೇನೆ, ಪರದೆ, ಸ್ಪೀಕರ್ ಎಲ್ಲ ಇದೆ. ಮಳೆಗಾಲ ಬಿಟ್ಟು ಬಾ.

ಕೋಡಿಬಾಗ_ಕ್ಯಾಮರಾ:

ಎಲ್ಲರಿಗೂ ಧನ್ಯವಾದ. ಈ ಭಾನುವಾರ ತೋಡೂರಿಗೆ ಸುಮ್ನೆ ಮಾತಾಡಿಸಿಕೊಂಡು ಬರಲು ಹೋಗುತ್ತಿದ್ದೇನೆ, ಮಧ್ಯಾಹ್ನ ಮೇಲೆ. ಬನವಾಸಿ ರೋಡ್ ಅಣ್ಣ, ಕಾಲರ್ ಮೈಕ್ ಮತ್ತು ಚಿಕ್ಕ ರೆಕಾರ್ಡರ್ ಸೆಕೆಂಡ್ ಹ್ಯಾಂಡ್ ಹುಬ್ಬಳ್ಳಿಯಲ್ಲಿ ಸಿಗುತ್ತದಾ, ಅಥವಾ ನಿಮ್ಮ ಕಡೆ ಯಾರಾದರೂ ಮಾರುವವರಿದ್ದಾರಾ?

ಬನವಾಸಿ_ರೋಡ್:

ನನ್ನ ಹಳೇ ರೆಕಾರ್ಡರ್ ಸುಮ್ಮನೆ ಬಿದ್ದಿದೆ. ಹಬ್ಬಕ್ಕೆ ಸಿರ್ಸಿಗೆ ಬರುತ್ತೇನೆ, ಬಂದು ತಗೊಂಡು ಹೋಗು. ಬ್ಯಾಟರಿ ಮುಚ್ಚಳ ಮುರಿದಿದೆ, ಟೇಪ್ ಹಚ್ಚಬೇಕು. ಗಾಳಿಗೆ ಹಾಕುವ ತುಪ್ಪಟದ ಕವರ್ ಮಾತ್ರ ನೀನೇ ಕೊಳ್ಳಬೇಕು, ನನ್ನದನ್ನು ಇಲಿ ತಿಂದಿದೆ.